ಅತ್ತೆ ಬಸ್ಸು ಹತ್ತುವ ಮುಂಚೆ ಗುಡಿಸಿದ್ದು

ನಮ್ಮ ಮನೆಯ ಪ್ರತಿ ಸ್ವಿಚ್ಚಿನ ಸುತ್ತ ಒಂದು ಕಪ್ಪು ಉಂಗುರ ಇದೆ. ಅದು ನನ್ನ ಬೆರಳಿನ ಗ್ರೀಸು. ನಾನು ಕೋಣಂದೂರಿನಲ್ಲಿ ಕಳೆ ಹೊಡೆಯುವ ಮಷಿನ್ನು, ಔಷಧಿ ಹೊಡೆಯುವ ಪಂಪು, ಮರ ಕುಯ್ಯುವ ಮಷಿನ್ನು ಇವನ್ನೆಲ್ಲ ರಿಪೇರಿ ಮಾಡುತ್ತೇನೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ಸಾಗರದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತವನು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಎಣ್ಣೆ ಉಳಿಯುತ್ತದೆ. ಆ ಕೈಯಲ್ಲೇ ಲೈಟು ಹಾಕಬೇಕು, ಬಾಗಿಲು ತೆಗೆಯಬೇಕು. ಹಾಗಾಗಿ ಕಪ್ಪು. ಇದರಲ್ಲಿ ಗುಟ್ಟು ಏನಿಲ್ಲ.

ಮದುವೆಯಾದ ಮೇಲೆ ಹೆಂಡತಿ ಆ ಉಂಗುರಗಳನ್ನು ಉಜ್ಜಿ ತೆಗೆಯುತ್ತಿದ್ದಳಂತೆ. ನನಗೆ ಅದು ಗೊತ್ತೇ ಇರಲಿಲ್ಲ. ನಮ್ಮ ಮನೆಯ ಸ್ವಿಚ್ಚು ಬಿಳಿ ಇರುತ್ತದೆ, ಅಷ್ಟೇ ಅಂದುಕೊಂಡಿದ್ದೆ. ಅವಳು ಹೆರಿಗೆಗೆ ಹೊಸನಗರದ ಹತ್ತಿರದ ತವರಿಗೆ ಹೋದಳು. ಉಂಗುರಗಳು ಬೆಳೆಯತೊಡಗಿದವು. ಅಡುಗೆಮನೆಯ ಮೂಲೆಯಲ್ಲಿ ಜೇಡ ಬಲೆ ಕಟ್ಟಿತು. ಅದು ನನ್ನ ತಂಟೆಗೆ ಬರಲಿಲ್ಲ, ನಾನು ಅದರ ತಂಟೆಗೆ ಹೋಗಲಿಲ್ಲ. ಒಗೆದ ಬಟ್ಟೆಯನ್ನು ಒಂದು ಕುರ್ಚಿಯ ಮೇಲೆ ಹಾಕುತ್ತಾ ಹೋದೆ. ಕೊನೆಗೆ ಅಲ್ಲೊಂದು ಕುರ್ಚಿ ಇದೆ ಅನ್ನುವುದೇ ಮರೆತುಹೋಯಿತು. ಎರಡು ಕೋಣೆಯ ಮನೆ, ಒಂದು ಅಡುಗೆಮನೆ. ನನಗೆ ಬೇಕಾದದ್ದೆಲ್ಲ ಕೈಗೆ ಸಿಗುತ್ತಿತ್ತು. ತೊಂದರೆ ಏನೂ ಇರಲಿಲ್ಲ.

ತೊಂದರೆ ಫೋನಿನಲ್ಲಿ ಬಂತು.

ಮಗಳಿಗೆ ಐದನೇ ತಿಂಗಳು. ನಮ್ಮ ಕಡೆ ಐದರಲ್ಲಿ ತಾಯಿ ಮಗುವನ್ನು ಗಂಡನ ಮನೆಗೆ ಕಳಿಸುತ್ತಾರೆ. ಐದು ತಪ್ಪಿದರೆ ಆರು ಆಗದು, ಅದು ಸಮ ತಿಂಗಳು. ಇತ್ತ ನೋಡಿದರೆ ಆಷಾಢ ಬರುವುದರಲ್ಲಿತ್ತು. ಆಷಾಢದಲ್ಲಿ ನಮ್ಮ ಅತ್ತೆ ಬೆಕ್ಕನ್ನೂ ಪಕ್ಕದ ಮನೆಗೆ ಕಳಿಸುವವರಲ್ಲ. ಅಂದರೆ ಈಗ ಬಂದರೆ ಬಂತು, ಇಲ್ಲದಿದ್ದರೆ ಗೌರಿ ಹಬ್ಬದ ಹತ್ತಿರಕ್ಕೆ ಹೋಯಿತು. ಮಗಳು ಮೊದಲ ಸಲ ಕವುಚಿ ಬಿದ್ದದ್ದನ್ನು ನಾನು ನೋಡಿದ್ದು ಫೋನಿನಲ್ಲಿ. ಅದೂ ಅರ್ಧಕ್ಕೇ ನೆಟ್‌ವರ್ಕ್ ಹೋಗಿ, ಮಗು ಓರೆಯಾಗಿ ನಿಂತುಬಿಟ್ಟಿತು. ಅಂಬೆಗಾಲು ಹಾಕುವುದನ್ನಾದರೂ ನಮ್ಮ ಮನೆಯ ನೆಲದ ಮೇಲೆ ನೋಡಬೇಕು ಅಂತ ನನಗೆ ಇತ್ತು.

"ಅಮ್ಮ ಗುರುವಾರ ಅಲ್ಲಿಗೆ ಬತ್ತಾರಂತೆ" ಅಂದಳು ಹೆಂಡತಿ.

"ಎಂತಕ್ಕೆ?"

"ಮನೆ ನೋಡಕ್ಕೆ."

"ಮನೆ ಮದುವೆಗ್ ಮುಂಚೆನೇ ನೋಡಿದಾರಲ್ಲ."

"ಅದು ನನ್ನ ಕೊಡಕ್ಕೆ ನೋಡಿದ್ದು. ಇದು ಮಗೂನ ಕಳ್ಸಕ್ಕೆ. ಅದು ನೆಲದ್ ಮೇಲೆ ಬಿದ್ಕಂಡಿರ್ತದೆ, ಸಿಕ್ಕಿದ್ದೆಲ್ಲ ಬಾಯಿಗ್ ಹಾಕ್ತದೆ. ನಿಮ್ ಮನೇಲಿ ಸಿಗದು ನಟ್ಟು ಬೋಲ್ಟು. ಅಮ್ಮಂಗೆ ಸರಿ ಕಂಡ್ರೆ ಆಷಾಢದ ಒಳಗೆ ಬರದು. ಇಲ್ದಿದ್ರೆ ಇಲ್ಲೇ."

"ಮನೆ ಸರಿ ಇದೆ ಅಂತ ನೀನೇ ಹೇಳ್ಬೋದಲ್ಲ."

"ಸುಳ್ಳು ಹೇಳ್ಬೇಕಲ್ಲ ಮಾರಾಯ್ರೆ."

ಮಾರನೇ ದಿನವೇ ಅಂಗಡಿ ಬಾಗಿಲು ಹಾಕಿದೆ. ನಮ್ಮ ಅಮ್ಮನನ್ನು ಕರೆಸೋಣ ಅಂದರೆ ಅವಳು ಅರಳಸುರಳಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ, ಮಂಡಿ ನೋವು. ಇರಲಿ, ಮನೆ ಕ್ಲೀನ್ ಮಾಡುವುದು ಏನು ಮಹಾ, ಎಂಜಿನ್ನು ಬಿಚ್ಚಿ ಕೂರಿಸುವವನಿಗೆ ಅಂದುಕೊಂಡೆ.

ಮೊದಲು ಕಣ್ಣಿಗೆ ಕಂಡದ್ದು ನೆಲ. ನಮ್ಮದು ಕೆಂಪು ಸಿಮೆಂಟಿನ ನೆಲ. ಅಲ್ಲಲ್ಲಿ ಗ್ರೀಸು ಹಿಡಿದಿತ್ತು. ಗ್ರೀಸಿಗೆ ಸೋಪು ಏನೂ ಮಾಡುವುದಿಲ್ಲ, ಸೀಮೆಎಣ್ಣೆಯೇ ಬೇಕು. ಸುರಿದು ಉಜ್ಜಿದೆ. ಆಮೇಲೆ ನೀರು ಹಾಕಿ ಮೂಲೆ ಮೂಲೆ ತಿಕ್ಕಿದೆ. ಸೊಂಟ ಬಿದ್ದುಹೋಯಿತು. ಆದರೆ ನೆಲ ಹೊಳೆಯಿತು. ಖುಷಿಯಲ್ಲಿ ಮೇಲೆ ನೋಡಿದೆ. ಮೇಲೆ ಬಲೆ.

ಉದ್ದದ ಕೋಲಿಗೆ ಪೊರಕೆ ಕಟ್ಟಿ ಎಳೆದೆ. ಅಲ್ಲಿದ್ದದ್ದು ಬರೀ ಬಲೆಯಲ್ಲ. ಹಳೇ ಕಾಲದಲ್ಲಿ ಒಲೆ ಉರಿಸಿದ ಮಸಿ ಹೆಂಚಿನ ಅಡಿಯಲ್ಲಿ ಕಾಯುತ್ತಾ ಕೂತಿತ್ತು. ಎಲ್ಲವೂ ಒಟ್ಟಿಗೆ ಒದ್ದೆ ನೆಲದ ಮೇಲೆ ಬಿತ್ತು. ಅರ್ಧ ನನ್ನ ಕಣ್ಣಿಗೆ ಬಿತ್ತು. ಕಣ್ಣುಜ್ಜಿಕೊಂಡು ಎರಡು ಹೆಜ್ಜೆ ಹಾಕಿದ್ದಕ್ಕೆ ಕೆಂಪು ನೆಲದ ಮೇಲೆ ಕಪ್ಪು ಹಿಟ್ಟು ಕಲಸಿದ ಹಾಗೆ ಆಯಿತು. ಮನೆಯನ್ನು ಮೇಲಿನಿಂದ ಕೆಳಗೆ ಕ್ಲೀನ್ ಮಾಡಬೇಕು. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಶಾಲೆಯಲ್ಲಿ ಏನೇನೋ ಹೇಳಿಕೊಟ್ಟರು, ಇದೊಂದು ಬಿಟ್ಟರು.

ಪಕ್ಕದ ಮನೆಯ ಅಕ್ಕ ಬೇಲಿಯ ಆಚೆಯಿಂದ ಮೂಗು ಮುಚ್ಚಿಕೊಂಡು ಕೇಳಿದರು. "ಎಂತ ಮಾರಾಯ ಅದು ವಾಸನೆ? ಮನೆಗೆ ಬೆಂಕಿ ಹಾಕಕ್ಕೆ ಹೊರಟ್ಯಾ?"

"ಕ್ಲೀನ್ ಮಾಡ್ತಾ ಇದೀನಿ ಅಕ್ಕ."

"ಬೆಂಕಿ ಹಾಕದೇ ಸುಲಭ ಇತ್ತು."

ರಾತ್ರಿ ನೆಲವನ್ನು ಮತ್ತೆ ತಿಕ್ಕಿದೆ. ಎರಡನೇ ದಿನ ನನಗೆ ಬುದ್ಧಿ ಓಡಿತು. ಸಾಗರದಲ್ಲಿ ನಮ್ಮ ಮೇಸ್ತ್ರಿ ಹೇಳಿಕೊಟ್ಟಿದ್ದು ಒಂದೇ ಮಾತು. ಧೂಳನ್ನು ಬಟ್ಟೆಯಲ್ಲಿ ಒರೆಸಬೇಡ, ಸಂದಿಗೆ ಹೋಗುತ್ತದೆ, ಗಾಳಿ ಹೊಡಿ. ಅಂಗಡಿಯಲ್ಲಿ ತರಗೆಲೆ ಊದುವ ಬ್ಲೋವರ್ ಒಂದು ರಿಪೇರಿ ಮುಗಿದು ಕೂತಿತ್ತು. ಓಡಿಸಿ ನೋಡಿಯೇ ಕೊಡಬೇಕು, ಅದೂ ಕೆಲಸದ ಭಾಗ. ಬೆನ್ನಿಗೆ ಹಾಕಿಕೊಂಡು ಬಂದು, ಹಿಂದಿನ ಕಿಟಕಿ ತೆರೆದು, ಮುಂದಿನ ಕೋಣೆಯಲ್ಲಿ ನಿಂತು ಹಗ್ಗ ಎಳೆದು ಸ್ಟಾರ್ಟ್ ಮಾಡಿದೆ.

ನಾನು ಅದನ್ನು ತೋಟದಲ್ಲಿ ನೋಡಿದ್ದೆ, ಮನೆಯೊಳಗೆ ನೋಡಿರಲಿಲ್ಲ. ಮೊದಲು ಕ್ಯಾಲೆಂಡರ್ ಹೋಯಿತು. ಆಮೇಲೆ ಕುರ್ಚಿಯ ಮೇಲಿನ ಬಟ್ಟೆಗಳು ಎದ್ದು ನಿಂತವು, ಒಳಗೆ ಮನುಷ್ಯರಿದ್ದಂತೆ. ಗೋಡೆಯ ಮೇಲೆ ನಮ್ಮ ಮದುವೆ ಫೋಟೊ ತಿರುಗಿಕೊಂಡು ಬೆನ್ನು ತೋರಿಸಿತು. ಬೀರುವಿನ ಹಿಂದಿನಿಂದ ಹೆಂಡತಿಯ ಹೇರ್‌ಪಿನ್ನು, ಒಂದು ಚಪ್ಪಲಿ, ಮದುವೆಗೆ ಮುಂಚೆ ಕಳೆದ ನನ್ನ ಹತ್ತನೇ ನಂಬರಿನ ಸ್ಪ್ಯಾನರು ಎಲ್ಲ ಹೊರಬಂದವು. ಆ ಸ್ಪ್ಯಾನರಿಗಾಗಿ ನಾನು ಯಾರ್‍ಯಾರನ್ನೋ ಅನುಮಾನಿಸಿದ್ದೆ. ಧೂಳು ಮಾತ್ರ ಒಂದು ಕಣವೂ ನಿಲ್ಲಲಿಲ್ಲ. ಮೋಡದ ಹಾಗೆ ಎದ್ದು ಕಿಟಕಿಯಿಂದ ಹೋಯಿತು. ಮಷಿನ್ನು ಆಫ್ ಮಾಡಿ ನೋಡಿದರೆ ಮನೆ ಪಳಪಳ. ಎಂಥ ಕೆಲಸ ಅಂತ ನನಗೆ ನಾನೇ ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು.

"ಏ ಹುಡ್ಗಾ! ಬಾ ಇಲ್ಲಿ ಹೊರಗೆ!"

ಅಕ್ಕ ಚಾಪೆಯ ಮುಂದೆ ನಿಂತಿದ್ದರು. ಚಾಪೆಯ ತುಂಬ ಹಲಸಿನ ಹಪ್ಪಳ. ಮಳೆ ಸರಿಯಾಗಿ ಹಿಡಿಯುವ ಮುಂಚೆ ಕೊನೆಯ ಬಿಸಿಲಿಗೆ ಒಣಹಾಕಿದ್ದರು. ಹಪ್ಪಳದ ಮೇಲೆಲ್ಲ ನಮ್ಮ ಮನೆ.

"ನೋಡಿಲ್ಲಿ. ಇದಕ್ಕೆ ಎಳ್ಳು ಹಾಕಿದ್ನಾ ನಾನು?"

"ಕರಿದ್ರೆ ಗೊತ್ತಾಗಲ್ಲ ಬಿಡಿ ಅಕ್ಕ."

"ಹೌದನಾ? ಹಂಗಾರೆ ಕರ್ದು ನಿಮ್ಮ ಅತ್ತೆಗೇ ತಿನ್ನಿಸ್ತೀನಿ ತಡಿ."

ಬೈದರು, ಆಮೇಲೆ ನಕ್ಕರು. ಹಪ್ಪಳಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸುವ ಕೆಲಸ ನನಗೇ ಬಂತು. ಮೇಸ್ತ್ರಿ ಹೇಳಿದ್ದು ನಿಜ. ಧೂಳನ್ನು ಬಟ್ಟೆಯಲ್ಲಿ ಒರೆಸಿದರೆ ಸಂದಿಗೆ ಹೋಗುತ್ತದೆ.

ಬುಧವಾರ ಸ್ವಿಚ್ಚುಗಳನ್ನು ಉಜ್ಜಿದೆ. ಪಾತ್ರೆ ತೊಳೆದೆ. ಬಟ್ಟೆ ಮಡಿಸಿಟ್ಟೆ, ಕುರ್ಚಿ ಸಿಕ್ಕಿತು. ಆ ಕುರ್ಚಿಯಲ್ಲೇ ಕೂತು ಸುತ್ತ ನೋಡಿದೆ. ಎಲ್ಲ ಸರಿ ಇತ್ತು. ಸಂಜೆ ಒಂದು ಮಳೆ ಬಂದು ನಿಂತಿತು. ಟ್ಯೂಬ್‌ಲೈಟು ಹಾಕಿದೆ.

ಹಾಕಬಾರದಿತ್ತು. ಮೊದಲ ಮಳೆ ನಿಂತ ಕೂಡಲೇ ನೆಲದಿಂದ ರೆಕ್ಕೆಯ ಗೆದ್ದಲು ಏಳುತ್ತವೆ ಅನ್ನುವುದು ಇಲ್ಲಿ ಹುಟ್ಟಿದ ನಾಯಿಗೂ ಗೊತ್ತು. ಒಂದು ಬಂತು, ಹತ್ತು ಬಂದವು, ಆಮೇಲೆ ಲೈಟೇ ಕಾಣಲಿಲ್ಲ. ಬಂದವು ಸುಮ್ಮನೆ ಹೋಗುವುದಿಲ್ಲ, ರೆಕ್ಕೆ ಕಳಚಿಟ್ಟು ಹೋಗುತ್ತವೆ. ನಾನು ತಿಕ್ಕಿದ ನೆಲದ ಮೇಲೆ, ಮಡಿಸಿದ ಬಟ್ಟೆಯ ಮೇಲೆ, ತೊಳೆದ ಪಾತ್ರೆಯೊಳಗೆ ಎಲ್ಲ ರೆಕ್ಕೆ. ಪೊರಕೆ ತೆಗೆದುಕೊಂಡೆ.

ಅಕ್ಕನ ಮನೆಯಲ್ಲೂ ಅದೇ ಕಥೆ. ಅವರು ಲೈಟು ಆರಿಸಿ ಜಗಲಿಯಲ್ಲಿ ಕೂತಿದ್ದರು. ಪೊರಕೆಯ ಸದ್ದು ಕೇಳಿ ಅಲ್ಲಿಂದಲೇ ಕೂಗಿದರು. "ದೀಪ ಹಚ್ಚಿದ ಮೇಲೆ ಗುಡಿಸ್ಬೇಡ ಕಣ, ಲಕ್ಷ್ಮಿ ಹೋಗ್ತಾಳೆ."

"ಬಂದಿದ್ದು ಯಾವಾಗ ಅಕ್ಕ?"

"ಮುಂದೂ ಬರಲ್ಲ ಹಂಗಾರೆ. ಬೆಳಗ್ಗೆ ಗುಡ್ಸು."

ಬೆಳಗ್ಗೆ ಗುಡಿಸಿದೆ. ಗೆದ್ದಲಿನ ರೆಕ್ಕೆ ಗುಡಿಸಿದವರಿಗೆ ಅದರ ಸಂಕಟ ಗೊತ್ತು. ಪೊರಕೆ ಇನ್ನೂ ಒಂದು ಮೊಳ ದೂರ ಇರುವಾಗಲೇ ಅವು ಏಳುತ್ತವೆ, ಹಿಂದೆ ಬಂದು ಕೂರುತ್ತವೆ. ಬೈದರೆ ಆ ಉಸಿರಿಗೂ ಏಳುತ್ತವೆ. ಕೊನೆಗೆ ಒದ್ದೆ ಬಟ್ಟೆ ಹಿಡಿದು ಮಂಡಿಯೂರಿ ಒತ್ತಿ ಒತ್ತಿ ತೆಗೆದೆ. ಏಳುವಷ್ಟರಲ್ಲಿ ಅತ್ತೆ ಗೇಟಿನಲ್ಲಿ ನಿಂತಿದ್ದರು.

ಅತ್ತೆ ಸಣ್ಣಗಿನ ಹೆಂಗಸು. ಮಾತು ಕಡಿಮೆ. ಒಂದು ಕೊಡೆ, ಒಂದು ಎಲೆಅಡಿಕೆ ಚೀಲ. ಕಾಲು ತೊಳೆದು ಒಳಗೆ ಬಂದವರು ನನ್ನ ತಲೆಯನ್ನೇ ನೋಡಿ, "ರೆಕ್ಕೆ" ಅಂದರು. ಕೂದಲಿನಲ್ಲಿ ಉಳಿದಿತ್ತು.

ಅವರು ಮೇಲೆ ನೋಡುತ್ತಾರೆ, ಬಲೆ ನೋಡುತ್ತಾರೆ, ಸ್ವಿಚ್ಚು ನೋಡುತ್ತಾರೆ ಅಂತ ನಾನು ಕಾದಿದ್ದೆ. ಸ್ವಿಚ್ಚಿನ ಹತ್ತಿರವೇ ನಿಂತುಕೊಂಡಿದ್ದೆ, ಕಾಣಲಿ ಅಂತ. ಅವರು ಯಾವುದನ್ನೂ ನೋಡಲಿಲ್ಲ. ಕೋಣೆಯ ನಡುವೆ ನೆಲದ ಮೇಲೆ ಕೂತರು. ಕೂತಲ್ಲೇ ಒಂದು ಕೈ ಊರಿ, ತಲೆ ಬಗ್ಗಿಸಿ, ಮಗು ಎಷ್ಟು ಎತ್ತರದಿಂದ ನೋಡುತ್ತದೋ ಅಷ್ಟೇ ಎತ್ತರದಿಂದ ಸುತ್ತ ನೋಡಿದರು. ಮಂಚದ ಅಡಿ. ಬೀರುವಿನ ಕಾಲು. ಬಾಗಿಲಿನ ಹಿಂದೆ. ನಾನು ಕ್ಲೀನ್ ಮಾಡಿದ್ದು ಆರಡಿ ಎತ್ತರದವನ ಕಣ್ಣಿಗೆ ಕಂಡ ಮನೆಯನ್ನು. ಅತ್ತೆ ಮಂಚದ ಅಡಿಗೆ ಕೈ ಹಾಕಿ ಏನೋ ತೆಗೆದು ನನ್ನ ಅಂಗೈಯಲ್ಲಿಟ್ಟರು. ಒಂದು ಸಣ್ಣ ನಟ್ಟು.

"ನಿಮ್ದಾ?"

"ನಂದೇ ಅತ್ತೆ."

"ಹ್ಞೂಂ."

ಟೀ ಮಾಡಿ ಕೊಟ್ಟೆ. ಕುಡಿದು, ಲೋಟವನ್ನು ತಾವೇ ಅಡುಗೆಮನೆಯಲ್ಲಿ ಇಟ್ಟು ಬಂದರು. ಎಲೆ ಹಾಕಿಕೊಂಡರು. ಮಗು ಹೇಗಿದೆ ಅಂದರೆ ಚೆನ್ನಾಗಿದೆ ಅಂದರು. ತಡೆಯಲಾಗದೆ ಕೇಳಿಯೇಬಿಟ್ಟೆ, ಯಾವಾಗ ಕಳಿಸುತ್ತೀರಿ ಅಂತ.

"ನೋಡಣ" ಅಂದರು. ಎದ್ದರು. ಹೊರಟರು.

ನಮ್ಮ ಅತ್ತೆಯ ಬಾಯಲ್ಲಿ ನೋಡಣ ಅಂದರೆ ಏನು ಅಂತ ಅವರ ಮಗಳಿಗೂ ಗೊತ್ತಿಲ್ಲ. ನಾನು ಬಾಗಿಲಲ್ಲಿ ನಿಂತೆ. ಅವರು ಗೇಟು ದಾಟಿ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದರು. ಒಳಗೆ ಬಂದರೆ ಅವರು ಕೂತಿದ್ದ ಕಡೆ ಅಡಿಕೆ ಚೂರು, ಎಲೆಯ ತೊಟ್ಟು, ಸ್ವಲ್ಪ ಸುಣ್ಣ. ಇಷ್ಟು ದಿನದ ಅಭ್ಯಾಸ ನೋಡಿ, ಕೈ ತಾನಾಗಿಯೇ ಹೋಗಿ ಪೊರಕೆ ಹಿಡಿಯಿತು. ಬರ್‍ರ್ ಅಂತ ಗುಡಿಸತೊಡಗಿದೆ. ಬಾಗಿಲ ತನಕ ಗುಡಿಸಿಕೊಂಡು ಬಂದು ತಲೆ ಎತ್ತಿದರೆ ಅತ್ತೆ. ಕೊಡೆ ಮರೆತು ಹೋಗಿದ್ದರು.

"ಎಂತ ಮಾಡ್ತಿದೀರಿ?"

"ಗುಡಿಸ್ತಿದೀನಿ ಅತ್ತೆ."

"ಅದು ಕಾಣ್ತದೆ. ನಾನು ಹೊರಟು ಎಷ್ಟೊತ್ತಾತು?"

"ಈಗಷ್ಟೇ..."

"ಮನೆಯಿಂದ ಜನ ಹೋದ ಕೂಡ್ಲೇ ಗುಡಿಸದು ಯಾವಾಗ, ಗೊತ್ತಾ ನಿಮಗೆ?"

ಆಗ ಗೊತ್ತಾಯಿತು. ಹೆಣ ಎತ್ತಿದ ಮೇಲೆ. ಬದುಕಿರುವವರು ಹೋದರೆ ಅವರು ಊರು ಮುಟ್ಟುವಷ್ಟು ಹೊತ್ತು ಪೊರಕೆ ಮುಟ್ಟಬಾರದು. ಕೇಳಿಲ್ಲ ಅಂತಲ್ಲ, ಕೇಳಿದ್ದೆ. ನಾನು ರಜ ಮುಗಿಸಿ ಸಾಗರಕ್ಕೆ ಹೊರಟಾಗಲೂ ಅಮ್ಮ ಪೊರಕೆ ಮುಟ್ಟುತ್ತಿರಲಿಲ್ಲವಂತೆ. ಆದರೆ ಹೊರಟವನಿಗೆ ಹಿಂದೆ ಪೊರಕೆ ಎದ್ದಿತೋ ಬಿದ್ದಿತೋ ಕಾಣುವುದಿಲ್ಲವಲ್ಲ. ಪೊರಕೆಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅಷ್ಟು ದೊಡ್ಡ ಪೊರಕೆ ಹಿಂದೆ ಅಡಗಲಿಲ್ಲ.

ಬೇಲಿಯ ಆಚೆಯಿಂದ ಅಕ್ಕನ ತಲೆ ಬಂತು. "ಅಯ್ಯಯ್ಯೋ, ಗುಡಿಸ್ದ್ಯಾ ಮಾರಾಯ?"

ಅತ್ತೆ ಕೊಡೆ ತೆಗೆದುಕೊಂಡರು. ಮುಖ ಬಿಗಿದಿತ್ತು. ನನ್ನ ಕಣ್ಣಿಗೆ ಗೌರಿ ಹಬ್ಬ ಕಂಡಿತು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಇದ್ದದ್ದು ಹೇಳಿದೆ.

"ಅತ್ತೆ, ನಂಗೆ ಮಗು ಬೇಕು. ಅದಕ್ಕೇ ಗುಡಿಸಿದ್ದು. ಅಂಗಡಿ ಬಾಗಿಲು ಹಾಕಿ ಇದೇ ಮಾಡಿದೀನಿ. ಕೈ ನಿಲ್ಲಲಿಲ್ಲ. ನೀವು ಸಾಯ್ಲಿ ಅಂತ ಗುಡಿಸಿದ್ದಲ್ಲ."

ಕೊನೆಯ ಮಾತು ಬೇಡವಾಗಿತ್ತು. ಅಕ್ಕ ಹಣೆ ಚಚ್ಚಿಕೊಂಡರು. ಅತ್ತೆ ನನ್ನನ್ನೇ ನೋಡಿದರು.

"ಅಂಗಡಿ ಬಾಗಿಲು ಹಾಕಿದ್ರಾ?"

"ಹೌದು."

"ಅಷ್ಟು ದಿನ ಮಾಡಿ ಗ್ಯಾಸ್ ಒಲೆ ಅಡಿಗೆ ಒರೆಸಿಲ್ಲ ನೀವು."

ಅಕ್ಕ ಬೇಲಿ ದಾಟಿ ಬಂದೇಬಿಟ್ಟರು. "ಅಮ್ಮಾ, ಹಿಂಗೇ ಹೋಗ್ಬೇಡಿ. ಒಳಗ್ ಬಂದು ಕೂತು, ಏನಾದ್ರೂ ತಿಂದು, ಹೊಸದಾಗಿ ಹೊರಡಿ. ಆಗ ಇದು ಲೆಕ್ಕಕ್ಕಿಲ್ಲ." ಅಷ್ಟರಲ್ಲಿ ಪೇಟೆಯ ಕಡೆಯಿಂದ ಹಾರನ್ ಕೇಳಿತು. ಹೊಸನಗರದ ಬಸ್ಸು ಹೋಯಿತು. ಇನ್ನು ಸಂಜೆಗೇ. ಅತ್ತೆ ಕೊಡೆಯನ್ನು ಮೂಲೆಗೆ ಇಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಬಟ್ಟೆ ಎಲ್ಲಿದೆ? ಒದ್ದೆ ಮಾಡಿ ತನ್ನಿ."

ಅವತ್ತು ಮಧ್ಯಾಹ್ನ ನಾನು ನಮ್ಮ ಮನೆಯನ್ನು ಮೊದಲ ಸಲ ನೋಡಿದೆ. ಅತ್ತೆ ನೆಲದ ಮೇಲೆ ಕೂತು ಬೆರಳು ತೋರಿಸುವುದು, ನಾನು ತೆವಳಿಕೊಂಡು ಹೋಗಿ ಒರೆಸುವುದು. ಮಂಚದ ಅಡಿಗೆ ಅರ್ಧ ಹೋಗಿ ಸಿಕ್ಕಿಕೊಂಡೆ. "ಮಗು ಹಿಂಗೇ ಹೋಗ್ತದೆ, ಆದ್ರೆ ವಾಪಸ್ ಬತ್ತದೆ" ಅಂದರು ಅತ್ತೆ. ಅದು ತಮಾಷೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಗ್ಯಾಸ್ ಒಲೆ ಎತ್ತಿದಾಗ ಅಡಿಯಲ್ಲಿ ಕಂಡದ್ದನ್ನು ನಾನು ಬರೆಯುವುದಿಲ್ಲ. ಅದರಲ್ಲಿ ಒಂದು ಸ್ಪ್ರಿಂಗೂ ಇತ್ತು.

ಅಕ್ಕ ಹೇಳಿದ ಮಾತು ತಪ್ಪಲಿಲ್ಲ. ಊಟದ ಹೊತ್ತಿಗೆ ತಟ್ಟೆ ತುಂಬ ಹಪ್ಪಳ ಕರಿದು ತಂದರು. ಅತ್ತೆ ಒಂದು ಮುರಿದು ಬಾಯಿಗೆ ಹಾಕಿದರು.

"ಚೆನ್ನಾಗಿದೆ. ಎಳ್ಳು ಹಾಕಿದೀರಾ?"

ಅಕ್ಕ ನನ್ನ ಮುಖ ನೋಡಿದರು. "ಹ್ಞೂಂ ಅಮ್ಮ. ಇವನೇ ಹಾಕಿದ್ದು."

ಅತ್ತೆ ಇನ್ನೊಂದು ತೆಗೆದುಕೊಂಡರು.

ಸಂಜೆ ಹೊರಡುವಾಗ ಬಾಗಿಲಲ್ಲಿ ನಿಂತು, "ಪೊರಕೆ ತನ್ನಿ" ಅಂದರು. ತಂದುಕೊಟ್ಟೆ. ಅದನ್ನು ಅಕ್ಕನ ಕೈಗೆ ಕೊಟ್ಟರು. "ನಾನು ಮನೆ ಮುಟ್ಟಿ ಫೋನ್ ಮಾಡ್ತೀನಿ. ಅಲ್ಲೀ ತನ್ಕ ಇದು ನಿಮ್ಮನೇಲಿ ಇರ್ಲಿ." ಈ ಸಲ ಕೊಡೆ ಮರೆಯಲಿಲ್ಲ.

ನಾನು ಕುರ್ಚಿಯಲ್ಲಿ ಕೂತೆ. ನೆಲದ ಮೇಲೆ ಹಪ್ಪಳದ ಪುಡಿ, ಮತ್ತೆ ಅಡಿಕೆ ಚೂರು. ನೋಡುತ್ತಾ ಕೂತೆ. ಕೈ ತುರಿಸಿತು. ಕತ್ತಲಾದ ಮೇಲೆ ಫೋನು ಬಂತು.

"ಮುಟ್ಟಿದೆ" ಅಂದರು ಅತ್ತೆ. "ಭಾನುವಾರ ಬೆಳಗ್ಗೆ ಬಂದು ಕರ್ಕಂಡ್ ಹೋಗಿ. ತೊಟ್ಲಿಗೆ ಜಾಗ ಮಾಡಿ. ಮಂಚ ಸರಿಸಿದ್ರೆ ಅಡಿಗೂ ಗುಡಿಸಿ."

"ಈಗ್ಲೇ ಗುಡಿಸ್ತೀನಿ ಅತ್ತೆ."

"ದೀಪ ಹಚ್ಚಿಲ್ವಾ ನಿಮ್ಮನೇಲಿ?"

ಹಚ್ಚಿತ್ತು. ಹಪ್ಪಳದ ಪುಡಿ ಬೆಳಗಿನ ತನಕ ಅಲ್ಲೇ ಇತ್ತು.

ಈಗ ಮಗಳು ಅಂಬೆಗಾಲು ಹಾಕುತ್ತಾಳೆ. ನಾನು ಎದುರಿಗೇ ನೋಡಿದೆ, ನಮ್ಮ ಕೆಂಪು ನೆಲದ ಮೇಲೆ. ಅಂಗಡಿಯಿಂದ ಬಂದವನು ಗೇಟಿನ ಹತ್ತಿರ ಜೇಬು ಖಾಲಿ ಮಾಡಿ, ನಟ್ಟು ಬೋಲ್ಟು ಎಲ್ಲ ಒಂದು ಡಬ್ಬಿಗೆ ಹಾಕಿಯೇ ಒಳಗೆ ಬರಬೇಕು ಅಂತ ಕಾನೂನು ಆಗಿದೆ. ಸ್ವಿಚ್ಚಿನ ಉಂಗುರ ಮತ್ತೆ ಬಂದಿದೆ, ಅದನ್ನು ಒರೆಸುವುದು ನನ್ನ ಪಾಲಿಗೆ ಬಿದ್ದಿದೆ. ಮನೆ ಮೊದಲಿಗಿಂತ ಕ್ಲೀನಾಗಿದೆ ಅಂತ ಹೇಳಲಾರೆ. ಮಗು ಇರುವ ಮನೆಯಲ್ಲಿ ಗುಡಿಸುವುದು, ಗೆದ್ದಲಿನ ರೆಕ್ಕೆ ಗುಡಿಸುವುದು, ಎರಡೂ ಒಂದೇ.

ಮೊನ್ನೆ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದಳು, ಎರಡು ದಿನಕ್ಕೆ. ಬೆಳಗಿನ ಬಸ್ಸಿಗೆ ಹತ್ತಿಸಿ ಬಂದೆ. ನೆಲದ ಮೇಲೆ ಬಿಸ್ಕತ್ತಿನ ಪುಡಿ, ಒಂದು ಗಿಲಕಿ, ಅರ್ಧ ಅಗಿದ ಬಾಳೆಹಣ್ಣು. ಪೊರಕೆ ಮೂಲೆಯಲ್ಲಿ ಇತ್ತು. ನಾನು ಮುಟ್ಟಲಿಲ್ಲ. ಫೋನನ್ನು ಎದುರಿಗೆ ಇಟ್ಟುಕೊಂಡು ಕೂತೆ. ಇರುವೆ ಬಂದವು, ಸಾಲು ಕಟ್ಟಿದವು. ಬರಲಿ ಅಂದೆ. ಮುಟ್ಟಿದ್ವಿ ಅಂತ ಅವಳು ಹೇಳುವ ತನಕ ನಮ್ಮ ಮನೆಯಲ್ಲಿ ಯಾರೂ ಗುಡಿಸುವುದಿಲ್ಲ.